ರೀಲ್ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕುತ್ತಿಗೆಗೆ ರೀಲ್ ಕ್ಯಾಮೆರಾ ನೇತುಹಾಕಿಕೊಂಡು ಮದುವೆಮನೆಗೆ ಹೋದರೆ ಊಟದ ಪಂಕ್ತಿಯಲ್ಲೇ ಪ್ರಶ್ನೆಗಳು ಶುರುವಾಗುತ್ತವೆ. ನಾನು ಬೆಳೆದದ್ದು ಅರಸೀಕೆರೆಯಲ್ಲಿ. ಸೋದರಮಾವನದು ಫೋಟೋ ಸ್ಟುಡಿಯೋ. ಬೇಸಿಗೆ ರಜೆ ಬಂತೆಂದರೆ ಡಾರ್ಕ್‌ರೂಮಿನಲ್ಲಿ ಟ್ರೇ ಅಲ್ಲಾಡಿಸುವುದು ನನ್ನ ಪಾಲಿನ ಕೆಲಸ. ಈಗ ಬೆಂಗಳೂರಿನಲ್ಲಿ ಹೊಟ್ಟೆಪಾಡಿಗೆ ಬೇರೇನೋ ಮಾಡುತ್ತೇನೆ, ಚಟ ಮಾತ್ರ ಬಿಟ್ಟಿಲ್ಲ. ಕೇಳಿದ್ದಕ್ಕೇ ಮತ್ತೆ ಮತ್ತೆ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಕೈ ಒದ್ದೆ ಮಾಡಿಕೊಳ್ಳುವವರದ್ದು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ರೀಲು ಇನ್ನೂ ಸಿಗುತ್ತಾ? ಕೊಡಾಕ್ ಮುಚ್ಚಿ ಹೋಯ್ತಲ್ಲ?

ಸಿಗುತ್ತದೆ. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದ್ದು ನಿಜ. ಆದರೆ ಅಮೆರಿಕದ ರಾಚೆಸ್ಟರ್‌ನಲ್ಲಿ ಅದರ ಫಿಲಂ ಇನ್ನೂ ತಯಾರಾಗುತ್ತಿದೆ. ಇಂಗ್ಲೆಂಡಿನ ಇಲ್ಫರ್ಡ್, ಚೆಕ್ ದೇಶದ ಫೋಮಾ ಕೂಡ ಬ್ಲ್ಯಾಕ್ ಅಂಡ್ ವೈಟ್ ರೀಲು ಬಿಟ್ಟಿಲ್ಲ. ಊರಿನ ಕಲರ್ ಲ್ಯಾಬ್‌ಗಳಲ್ಲಿ ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಬೆಂಗಳೂರಿನಂಥ ಕಡೆ ಕೆಲವು ಅಂಗಡಿಗಳಲ್ಲಿ ಇದೆ, ಉಳಿದವರು ಆನ್‌ಲೈನ್‌ನಲ್ಲಿ ತರಿಸಬೇಕು.

ತಮಾಷೆ ಅಂದರೆ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೂ ಕೊಡಾಕ್‌ನಲ್ಲೇ. 1975ರಲ್ಲಿ ಅಲ್ಲಿನ ಇಂಜಿನಿಯರ್ ಸ್ಟೀವ್ ಸ್ಯಾಸನ್ ಒಂದು ಮಾಡಿದ್ದರು. 0.01 ಮೆಗಾಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು.

ನಮ್ಮದೇ ರೀಲೂ ಒಂದಿತ್ತು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್, 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ. ‘ಇಂದು’ ಅನ್ನುವ ಹೆಸರಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫಿಲಂ, ಪ್ರಿಂಟಿನ ಪೇಪರು, ಎಕ್ಸ್‌ರೇ ಫಿಲಂ ಎಲ್ಲ ಮಾಡುತ್ತಿತ್ತು. ಮಾವನ ಬೀರುವಿನಲ್ಲಿ ಆ ಡಬ್ಬಿಗಳೇ ಜಾಸ್ತಿ ಇದ್ದವು. ಈಗ ಆ ಕಾರ್ಖಾನೆ ಮುಚ್ಚಿದೆ.

ಆ ಕಪ್ಪು ಪಟ್ಟಿಯಲ್ಲಿ ಅಂಥದ್ದೇನಿದೆ?

ಬೆಳ್ಳಿ. ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಟಿನ್ ಲೇಪ, ಆ ಲೇಪದೊಳಗೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳು. ಬೆಳಕು ತಾಗಿದ ಹರಳಿನಲ್ಲಿ ಒಂದು ಗುರುತು ಬೀಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಡೆವಲಪರ್ ಅನ್ನುವ ರಾಸಾಯನಿಕದಲ್ಲಿ ಅದ್ದಿದಾಗ ಗುರುತು ಬಿದ್ದ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಜಾಸ್ತಿ ಬಿದ್ದ ಕಡೆ ಜಾಸ್ತಿ ಕಪ್ಪು. ಅದಕ್ಕೇ ನೆಗೆಟಿವ್‌ನಲ್ಲಿ ಮದುಮಗನ ಬಿಳಿ ಪಂಚೆ ಕಪ್ಪಾಗಿ, ಕೂದಲು ಬೆಳ್ಳಗೆ ಕಾಣುವುದು. ಕಲರ್ ರೀಲಿನಲ್ಲಿ ಇಂಥ ಪದರಗಳು ಒಂದರ ಮೇಲೊಂದು ಇರುತ್ತವೆ. ತೊಳೆಯುವಾಗ (ಡೆವಲಪ್ ಮಾಡುವುದಕ್ಕೆ ನಾವು ಹೇಳುವುದೇ ಹೀಗೆ) ಬೆಳ್ಳಿ ಹೋಗಿ ಅದರ ಜಾಗದಲ್ಲಿ ಬಣ್ಣ ಉಳಿಯುತ್ತದೆ.

ಜೆಲಟಿನ್ ಬರುವುದು ದನದ ಮೂಳೆ, ಚರ್ಮದಿಂದ. ಈರುಳ್ಳಿಯನ್ನೂ ಒಳಗೆ ಬಿಡದ ಮನೆಗಳ ಮದುವೆ ಆಲ್ಬಂ ಕೂಡ ಹಾಗೇ ತಯಾರಾದದ್ದು. ಇದನ್ನು ಮಾವ ಗಿರಾಕಿಗಳಿಗೆ ಹೇಳುತ್ತಿರಲಿಲ್ಲ.

36 ಫೋಟೋದ ರೀಲಿನಲ್ಲಿ ಅಪ್ಪ 38 ತೆಗೀತಿದ್ರು. ಹೇಗೆ?

ರೀಲು ಹಾಕುವಾಗ ತುದಿಯನ್ನು ಕಡಿಮೆ ಎಳೆದು, ಮೊದಲಿನ ಖಾಲಿ ಕ್ಲಿಕ್ಕುಗಳನ್ನು ಉಳಿಸುತ್ತಿದ್ದರು. ಮೊದಲನೇ ಫೋಟೋ ಅರ್ಧ ಸುಟ್ಟು ಕಿತ್ತಳೆ ಬಣ್ಣವಾಗಿ ಬರುತ್ತಿತ್ತಲ್ಲ, ಅದು ಈ ಉಳಿತಾಯದ ಫಲ.

ಫೋನಿನಲ್ಲೇ ಫಿಲ್ಟರ್ ಇದೆಯಲ್ಲ, ಇಷ್ಟೆಲ್ಲ ಕಷ್ಟ ಯಾಕೆ?

ಬರೀ ಆ ಬಣ್ಣ ಬೇಕು ಅನ್ನುವುದಾದರೆ ಫೋನೇ ಸಾಕು. ದುಡ್ಡು ಉಳಿಸಿ. ನಾನಿದನ್ನು ಹೇಳಿದರೆ ಫಿಲಂ ಗೆಳೆಯರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ.

ಒಂದು ನಿಜವಾದ ವ್ಯತ್ಯಾಸ ಇದೆ. ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಪಂಚೆ ಉಟ್ಟವರ ಫೋಟೋ ತೆಗೆಯಿರಿ. ಬೆಳಕು ಹೆಚ್ಚಾದರೆ ಡಿಜಿಟಲ್‌ನಲ್ಲಿ ಪಂಚೆ ಒಂದು ಹಂತದ ಮೇಲೆ ಬರೀ ಬಿಳಿ ಕಾಗದ. ಮಡಿಕೆ, ನೆರಿಗೆ ಯಾವುದೂ ಉಳಿಯುವುದಿಲ್ಲ. ನೆಗೆಟಿವ್ ಅಷ್ಟು ಬೇಗ ಸೋಲುವುದಿಲ್ಲ. ಕತ್ತಲಲ್ಲಿ ಮಾತ್ರ ಲೆಕ್ಕ ಉಲ್ಟಾ. ದೀಪಾವಳಿ ರಾತ್ರಿ ಈಗಿನ ಫೋನು ಹಿಡಿಯುವುದನ್ನು ನನ್ನ ಯಾವ ಕ್ಯಾಮೆರಾವೂ ಹಿಡಿಯದು.

ಮತ್ತೆ ನಾನ್ಯಾಕೆ ಬಿಟ್ಟಿಲ್ಲ ಅಂದರೆ, ಕೊನೆಗೆ ಕೈಗೆ ಒಂದು ವಸ್ತು ಸಿಗುತ್ತದೆ. ನೆಗೆಟಿವ್. ಬೀರುವಿನಲ್ಲಿ ಇಡಬಹುದು, ಬೆಳಕಿಗೆ ಹಿಡಿದರೆ ಕಾಣುತ್ತದೆ, ನೋಡಲು ಪಾಸ್‌ವರ್ಡ್ ಬೇಡ.

ಆಗಿನ ಫೋಟೋಗಳೇ ಚೆನ್ನಾಗಿದ್ವು ಅಲ್ವಾ?

ಚೆನ್ನಾಗಿದ್ದವನ್ನು ಮಾತ್ರ ಇಟ್ಟುಕೊಂಡಿದ್ದೇವೆ. ತಲೆ ಕತ್ತರಿಸಿ ಹೋದದ್ದು, ಕಣ್ಣು ಕೆಂಪಾದದ್ದು, ಬೆರಳು ಅಡ್ಡ ಬಂದದ್ದು, ಎಲ್ಲ ಆಗಲೇ ಕಸಕ್ಕೆ ಹೋಗಿದೆ. ಹತ್ತನೇ ಕ್ಲಾಸಿನ ಪ್ರವಾಸಕ್ಕೆ ಮಾವನ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದೆ. ಜೋಗ, ಸಿಗಂದೂರು, ಇಕ್ಕೇರಿ. 36 ಸಲ ಕ್ಲಿಕ್ ಮಾಡಿದೆ. ವಾಪಸ್ ಬಂದು ನೋಡಿದರೆ ರೀಲಿನ ತುದಿ ಆ ಬದಿಯ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಒಂದು ಫೋಟೋನೂ ಬಿದ್ದಿರಲಿಲ್ಲ. ಹಾಕಿದ್ದು ನಾನೇ, ಯಾರನ್ನು ಬೈಯಲಿ? ಆ ಕ್ಲಾಸಿನವರು ಇವತ್ತಿಗೂ ಸಿಕ್ಕಾಗ ಕೇಳುತ್ತಾರೆ.

ಇನ್ನೊಂದು ಮಾತು. ‘ಆಗಿನ ಕಾಲದ ಫೋಟೋ’ ಅನ್ನುವಾಗ ಆ ಕಾಲದಲ್ಲಿ ಯಾರ ಫೋಟೋ ಇತ್ತು ಅಂತಲೂ ನೋಡಬೇಕು. ನಮ್ಮ ಅಜ್ಜಿಯದು ಇರುವುದು ಒಂದೇ ಫೋಟೋ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಅಂತ ನಂಬಿದ್ದವರಿದ್ದರು. ಅದಕ್ಕಿಂತ ಹೆಚ್ಚಾಗಿ, ಕಾಸಿರಲಿಲ್ಲ. ಎಷ್ಟೋ ಮನೆಗಳಲ್ಲಿ ಯಜಮಾನ ಸತ್ತ ಮೇಲೆ ಸ್ಟುಡಿಯೋಗೆ ಹೇಳಿಕಳಿಸುತ್ತಿದ್ದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಅಕ್ಕಪಕ್ಕ ಮಕ್ಕಳು ನಿಂತು ತೆಗೆಸಿಕೊಂಡ ಫೋಟೋ. ಆ ಮನುಷ್ಯನಿಗೆ ಅದೇ ಮೊದಲನೆಯದು. ಮಾವ ಅಂಥ ಕರೆ ಬಂದಾಗ ದುಡ್ಡಿನ ಮಾತೆತ್ತುತ್ತಿರಲಿಲ್ಲ, ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದರು. ಪ್ರಿಂಟು ಮಾಡುವ ಮುಂಚೆ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್‌ನಲ್ಲಿ ಕಣ್ಣು ತೆರೆದಂತೆ ತಿದ್ದುತ್ತಿದ್ದರು. ಹಳೇ ಕಾಲ ಬರಲಿ ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಮದುವೆ ಫೋಟೋಗ್ರಾಫರು ರೀಲೇ ಇಲ್ಲದೆ ಫ್ಲ್ಯಾಶ್ ಹೊಡೀತಿದ್ರು ಅಂತಾರೆ. ನಿಜಾನಾ?

ನಿಜ. ಆರತಕ್ಷತೆಯಲ್ಲಿ ಸಾಲುಗಟ್ಟಿ ಬರುವ ಪ್ರತಿಯೊಬ್ಬರಿಗೂ ಫೋಟೋ ಬೇಕು. ಒಪ್ಪಂದ ಇರುವುದು ಎರಡೋ ಮೂರೋ ರೀಲಿಗೆ. ಹುಡುಗಿಯ ಅಪ್ಪ ದೂರದಿಂದ ಕಣ್ಸನ್ನೆ ಮಾಡುತ್ತಿದ್ದರು. ಕಣ್ಣು ಮುಚ್ಚಿದರೆ ಖಾಲಿ ಫ್ಲ್ಯಾಶ್, ಹುಬ್ಬೇರಿಸಿದರೆ ನಿಜವಾದ ಫೋಟೋ. ಉಡುಗೊರೆ ಕವರ್ ಎಷ್ಟು ದಪ್ಪ ಇದೆ ಅನ್ನುವುದರ ಮೇಲೂ ಹೋಗುತ್ತಿತ್ತು. ಆರು ತಿಂಗಳಾದ ಮೇಲೆ ‘ನಮ್ಮ ಫೋಟೋ ಆಲ್ಬಂನಲ್ಲಿ ಇಲ್ವಲ್ಲ’ ಅಂತ ಕೇಳಿದರೆ ಸಿದ್ಧ ಉತ್ತರ: ‘ರೀಲು ಸುಟ್ಟೋಯ್ತು ಸಾರ್.’

ನೆಗೆಟಿವ್ ಅಡ್ಡ ಹಿಡಿದು ಗ್ರಹಣ ನೋಡ್ತಿದ್ವಿ. ತೊಂದರೆ ಇಲ್ಲ ತಾನೇ?

ತೊಂದರೆ ಇದೆ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣ ನಮ್ಮ ಅಂಕೋಲಾ, ರಾಯಚೂರು ಕಡೆಯಿಂದಲೇ ಹಾದುಹೋಯಿತು. ಆವತ್ತು ಜನ ಮನೆ ಬಾಗಿಲು ಹಾಕಿ ಕೂತಿದ್ದರು ಅನ್ನುವುದನ್ನು ಹಿರಿಯರು ಹೇಳುತ್ತಾರೆ. ಹೊರಗೆ ಬಂದ ಧೈರ್ಯವಂತರ ಕೈಯಲ್ಲಿ ನೆಗೆಟಿವ್ ಅಥವಾ ಎಕ್ಸ್‌ರೇ ಇರುತ್ತಿತ್ತು. ಕಲರ್ ನೆಗೆಟಿವ್‌ನಲ್ಲಿರುವುದು ಬರೀ ಬಣ್ಣ. ಕಣ್ಣಿಗೆ ಕಪ್ಪಾಗಿ ಕಂಡರೂ ಅತಿಗೆಂಪು ಕಿರಣ ಸಲೀಸಾಗಿ ನುಗ್ಗುತ್ತದೆ. ಕಣ್ಣಿನ ಪರದೆ ಸುಡುವಾಗ ನೋವೂ ಗೊತ್ತಾಗುವುದಿಲ್ಲ. ಗ್ರಹಣದ ಕನ್ನಡಕ ಸಿಗುತ್ತದೆ, ಅದನ್ನೇ ಬಳಸಿ.

ಫಿಲಂ ಕಾಲದಲ್ಲಿ ನಮ್ಮ ಕರ್ನಾಟಕದವರು ಯಾರು ದೊಡ್ಡ ಹೆಸರು?

ಕಾಡಿನ ಫೋಟೋಗಳಲ್ಲಿ ಹಲವರಿದ್ದಾರೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಅರ್ಥಮಂತ್ರಿಯಾಗಿದ್ದವರು, ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಕಾಡುಪ್ರಾಣಿಗಳನ್ನು ಹಿಡಿದವರು. ಇವರ ಕೆಲಸ ನೋಡುವಾಗ ಒಂದು ಲೆಕ್ಕ ನೆನಪಿಡಿ. ಈಗಿನ ಕ್ಯಾಮೆರಾ ಒಂದು ಸೆಕೆಂಡಿಗೆ ಇಪ್ಪತ್ತು ಫೋಟೋ ಹೊಡೆಯುತ್ತದೆ. ಅವರ ಹತ್ತಿರ ಒಂದು ರೀಲಿಗೆ 36, ದೊಡ್ಡ ಫಿಲಂ ಆದರೆ 12. ಹಕ್ಕಿ ಹಾರಿತೋ ಇಲ್ಲವೋ ಗೊತ್ತಾಗುವುದು ಮನೆಗೆ ಬಂದು ತೊಳೆದ ಮೇಲೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾದದ್ದು 1971ರಲ್ಲಿ, ಇನ್ನೂ ನಡೆಯುತ್ತಿದೆ.

## ಕೈಗೆ ಕ್ಯಾಮೆರಾ ಬಂದ ಮೇಲೆ

ಅಟ್ಟದ ಮೇಲೆ ಅಪ್ಪನ ಕ್ಯಾಮೆರಾ ಸಿಕ್ತು. ಏನು ಮಾಡಲಿ?

ಮೊದಲು, ಹಿಂದಿನ ಬಾಗಿಲು ತೆಗೆಯಬೇಡಿ! ಒಳಗೆ ರೀಲು ಇರಬಹುದು. ಸಾಮಾನ್ಯವಾಗಿ ಎಡಗಡೆ ಸುತ್ತುವ ಗುಂಡಿ ಇರುತ್ತದೆ, ಅದನ್ನು ನಿಧಾನಕ್ಕೆ ತಿರುಗಿಸಿ. ಬಿಗಿ ಬಂದರೆ ಒಳಗೆ ಫಿಲಂ ಇದೆ. ಕೆಳಗಿನ ಸಣ್ಣ ಗುಂಡಿ ಒತ್ತಿಕೊಂಡು ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ತೆಗೆಯಿರಿ. ಇಪ್ಪತ್ತು ಮೂವತ್ತು ವರ್ಷ ತೊಳೆಯದೆ ಉಳಿದ ರೀಲಿನಲ್ಲೂ ಮಸುಕಾಗಿ ಚಿತ್ರ ಬರುವುದುಂಟು.

ಇನ್ನು ಯಾವ ಕ್ಯಾಮೆರಾ ಅನ್ನುವುದು. ನಮ್ಮ ಕಡೆ ಅಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ಇವು. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಡಬ್ಬ ಕ್ಯಾಮೆರಾ. ಅದಕ್ಕೆ 120 ಅನ್ನುವ ಅಗಲದ ರೋಲು ಬೇಕು, 12 ಚೌಕ ಫೋಟೋ. ಆ ರೋಲು ಈಗಲೂ ಸಿಗುತ್ತದೆ. ಯಾಶಿಕಾ, ಕೊಡಾಕ್ ಕೆಬಿ-10 ಇದ್ದರೆ ಮಾಮೂಲಿ 35 ಎಂಎಂ ರೀಲು ಸಾಕು. ಉದ್ದನೆಯ ಪೆನ್ಸಿಲ್ ಬಾಕ್ಸಿನಂಥ ಹಾಟ್ ಶಾಟ್ ಇದ್ದರೆ ಅದರ 110 ಕಾರ್ಟ್ರಿಜ್‌ಗೆ ಹುಡುಕಾಟ, ದುಡ್ಡು ಎರಡೂ ಜಾಸ್ತಿ. ಅದನ್ನು ಶೋಕೇಸಿನಲ್ಲಿ ಇಡಿ.

ಬ್ಯಾಟರಿ ಜಾಗದಲ್ಲಿ ಹಸಿರು ಕಿಲುಬು ಇದ್ದರೆ ವಿನೆಗರ್ ಹಚ್ಚಿದ ಹತ್ತಿಯಲ್ಲಿ ಒರೆಸಿ ನೋಡಿ. ಬಾಗಿಲ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಬೆಳಕು ನುಗ್ಗುತ್ತದೆ, ಬದಲಾಯಿಸಬೇಕು.

ಹೊಸದಾಗಿ ಶುರು ಮಾಡ್ತಿದ್ದೀನಿ. ಯಾವ ಕ್ಯಾಮೆರಾ ತಗೊಳ್ಳಲಿ?

ಬ್ಯಾಟರಿ ಸತ್ತರೂ ಶಟರ್ ಹೊಡೆಯುವಂಥದ್ದು. ಪೆಂಟ್ಯಾಕ್ಸ್ ಕೆ1000 ಅಂಥದ್ದು. 1976ರಿಂದ 1997ರವರೆಗೆ ಮಾಡಿದರು, ಅದಕ್ಕೇ ಸೆಕೆಂಡ್ ಹ್ಯಾಂಡ್ ಬೇಕಾದಷ್ಟಿವೆ. ನಿಕಾನ್ ಎಫ್‌ಎಂ10 ಕೂಡ ಆಗಬಹುದು. ಕೊಳ್ಳುವಾಗ ಫೋನಿನ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಬಿಟ್ಟು ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಫಂಗಸ್. ಶಟರ್ ಸ್ಪೀಡನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಕಿವಿಗೊಟ್ಟು ಕೇಳಿ. ಎರಡು ಸೆಕೆಂಡ್ ಎಳೆದರೆ ರಿಪೇರಿಗೆ ದುಡ್ಡು ತೆಗೆದಿಡಿ.

ಹೊಸದೇ ಬೇಕು ಅನ್ನುವವರಿಗೆ ಪೆಂಟ್ಯಾಕ್ಸ್ 2024ರಲ್ಲಿ ‘17’ ಅನ್ನುವ ಹೊಸ ಫಿಲಂ ಕ್ಯಾಮೆರಾ ತಂದಿದೆ. ಒಂದು ಫ್ರೇಮಿನ ಜಾಗದಲ್ಲಿ ಎರಡು ಫೋಟೋ, ಅಂದರೆ 36ರ ರೀಲಿಗೆ 72. ನಮ್ಮ ಅಪ್ಪಂದಿರಿಗೆ ಇದು ಸಿಕ್ಕಿದ್ದರೆ ಕುಣಿದಾಡುತ್ತಿದ್ದರು.

ಖರ್ಚು ಎಷ್ಟಾಗುತ್ತೆ? ನೇರವಾಗಿ ಹೇಳಿ.

ಕಲರ್ ರೀಲು ಸಾವಿರ ರೂಪಾಯಿ ಆಸುಪಾಸು. ತೊಳೆಸಿ ಸ್ಕ್ಯಾನ್ ಮಾಡಿಸಲು ಮತ್ತೆ ನಾನೂರು, ಐನೂರು. ಫೋಟೋ ಒಂದಕ್ಕೆ ನಲವತ್ತು ರೂಪಾಯಿ ಇಟ್ಟುಕೊಳ್ಳಿ. ಕ್ಲಿಕ್ ಮಾಡುವ ಮುಂಚೆ ಒಂದು ಮಸಾಲೆ ದೋಸೆ ನೆನಪಿಗೆ ಬಂದರೆ ತಪ್ಪೇನಿಲ್ಲ.

ಮೀಟರ್ ಕೆಟ್ಟಿದೆ. ಬೆಳಕು ಹೇಗೆ ಲೆಕ್ಕ ಹಾಕೋದು?

ಸುಲಭ. ಅಪರ್ಚರ್ ಅಂದರೆ ಲೆನ್ಸಿನ ತೂತು, ಎಫ್ ನಂಬರ್ ಚಿಕ್ಕದಾದಷ್ಟೂ ತೂತು ದೊಡ್ಡದು. ಒಳ್ಳೆ ಬಿಸಿಲಲ್ಲಿ ಅಪರ್ಚರ್ ಎಫ್16, ಶಟರ್ ಸ್ಪೀಡು ರೀಲಿನ ಐಎಸ್‌ಒ ನಂಬರ್ (ರೀಲು ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಅಳತೆ) ಎಷ್ಟೋ ಅಷ್ಟು. ಅಂದರೆ 200ರ ರೀಲಿಗೆ ಸೆಕೆಂಡಿನ 200ನೇ ಒಂದು ಭಾಗ. ಕ್ಯಾಮೆರಾದಲ್ಲಿ 200 ಇಲ್ಲದಿದ್ದರೆ ಹತ್ತಿರದ 250 ಇಡಿ. ತೆಳು ಮೋಡ ಬಂತಾ, ಎಫ್11. ಮೋಡ ಕವಿದಿದ್ದರೆ, ಎಫ್8. ಮರದ ನೆರಳು, ಎಫ್5.6 ಅಥವಾ ಇನ್ನೂ ತೆರೆಯಿರಿ. ರೀಲಿನ ಡಬ್ಬಿಯ ಮೇಲೇ ಸೂರ್ಯ, ಮೋಡದ ಚಿತ್ರ ಹಾಕಿ ಇದನ್ನು ಕೊಡುತ್ತಿದ್ದರು. ಕಲರ್ ನೆಗೆಟಿವ್‌ಗೆ ಬೆಳಕು ಸ್ವಲ್ಪ ಜಾಸ್ತಿಯಾದರೆ ಪರವಾಗಿಲ್ಲ, ಕಡಿಮೆಯಾದರೆ ಕೆಸರಿನಂತೆ ಬರುತ್ತದೆ. ಅನುಮಾನ ಬಂದರೆ ಒಂದು ಹೆಜ್ಜೆ ತೆರೆದುಬಿಡಿ, ಅಂದರೆ ಎಫ್16 ಇದ್ದದ್ದನ್ನು ಎಫ್11 ಮಾಡಿ. ಅವಧಿ ಮುಗಿದ ರೀಲಿಗೂ ಇದೇ ಉಪಾಯ. ಹತ್ತು ವರ್ಷ ಹಳತಾದರೆ ಒಂದು ಹೆಜ್ಜೆ ಜಾಸ್ತಿ ಬೆಳಕು ಅನ್ನುವುದು ಬಾಯಿಲೆಕ್ಕ.

ಸ್ಲೈಡ್ ಅಂತಾರಲ್ಲ, ಅದೇನು?

ತೊಳೆದಾಗ ನೇರವಾಗಿ ಸರಿಯಾದ ಬಣ್ಣದ ಚಿತ್ರವೇ ಬರುವ ಫಿಲಂ. ಪ್ರೊಜೆಕ್ಟರ್‌ನಲ್ಲಿ ಹಾಕಿ ಗೋಡೆಗೆ ಬಿಡುತ್ತಿದ್ದರು. ಬೆಳಕಿನ ಲೆಕ್ಕ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಇದರಲ್ಲಿ ಹೆಸರುವಾಸಿ ಕೊಡಾಕ್ರೋಮ್, 1935ರಿಂದ ಇದ್ದದ್ದು. 2009ರಲ್ಲಿ ನಿಲ್ಲಿಸಿದರು. ಕಾರ್ಖಾನೆಯಿಂದ ಬಂದ ಕೊನೆಯ ರೀಲನ್ನು ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ ಕೈಗೆ ಕೊಟ್ಟರು. ಆತ ಅದರ ಒಂದಷ್ಟು ಫ್ರೇಮುಗಳನ್ನು ಭಾರತಕ್ಕೆ ಬಂದು ಖರ್ಚು ಮಾಡಿದ. ತೊಳೆದದ್ದು ಅಮೆರಿಕದ ಕ್ಯಾನ್ಸಸ್‌ನ ಪಾರ್ಸನ್ಸ್ ಅನ್ನುವ ಸಣ್ಣ ಊರಿನಲ್ಲಿ. ಅಲ್ಲಿ ಮಾತ್ರ ಅದನ್ನು ತೊಳೆಯುವ ಲ್ಯಾಬ್ ಉಳಿದಿತ್ತು. 2010ರ ಕೊನೆಗೆ ಅವರೂ ನಿಲ್ಲಿಸಿದರು. ಅಮ್ಮನ ಟ್ರಂಕಿನಲ್ಲಿ ತೊಳೆಯದ ಕೊಡಾಕ್ರೋಮ್ ಸಿಕ್ಕರೆ ಅದರಿಂದ ಬಣ್ಣದ ಫೋಟೋ ಇನ್ನು ಬರುವುದಿಲ್ಲ.

ಅಮೆರಿಕದಿಂದ ರೀಲು ತರ್ತಿದ್ದೀನಿ. ಏರ್‌ಪೋರ್ಟಿನ ಎಕ್ಸ್‌ರೇ ಏನಾದ್ರೂ ಮಾಡುತ್ತಾ?

ಚೆಕ್-ಇನ್ ಸೂಟ್‌ಕೇಸಿನಲ್ಲಿ ಯಾವತ್ತೂ ಹಾಕಬೇಡಿ. ಕೈಚೀಲದಲ್ಲಿಟ್ಟು, ಪಾರದರ್ಶಕ ಕವರ್‌ನಲ್ಲಿ ತೋರಿಸಿ, ಕೈಯಲ್ಲೇ ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳಿ. ಹಳೇ ಎಕ್ಸ್‌ರೇ ಯಂತ್ರದಲ್ಲಿ ಒಂದೆರಡು ಸಲ ಹೋದರೆ 200, 400ರ ರೀಲಿಗೆ ಏನೂ ಆಗುವುದಿಲ್ಲ. ಈಚೆಗೆ ಬಂದಿರುವ ಸಿಟಿ ಸ್ಕ್ಯಾನರ್‌ಗಳು ಮಾತ್ರ ಫಿಲಂ ಹಾಳು ಮಾಡುತ್ತವೆ.

ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬಂತು. ನಮ್ಮದು ಕೊಪ್ಪ.

ಕೊಪ್ಪದಲ್ಲಿ ಚಪ್ಪಲಿಗೂ ಬರುತ್ತದೆ, ಲೆನ್ಸ್ ಯಾವ ಲೆಕ್ಕ! ಮುಖ್ಯ ತಪ್ಪು ಅಂದರೆ ಕ್ಯಾಮೆರಾವನ್ನು ಅದರ ಚರ್ಮದ ಕವರ್‌ನಲ್ಲೇ ಇಡುವುದು. ಚರ್ಮ ನೀರು ಹೀರಿಕೊಂಡು ಕೂತಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು. ಅದರ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಿ, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ಕ್ಯಾಮೆರಾ ಬಳಸುವುದು. ವಾರಕ್ಕೊಮ್ಮೆ ಹೊರಗೆ ಬಂದು ಬೆಳಕು ಕಂಡ ಲೆನ್ಸಿಗೆ ಫಂಗಸ್ ಹತ್ತುವುದು ಕಡಿಮೆ.

## ಕೈ ಒದ್ದೆ ಮಾಡಿಕೊಳ್ಳುವವರಿಗೆ

ಮನೇಲೇ ರೀಲು ತೊಳೀಬಹುದಾ? ದೊಡ್ಡ ಡಾರ್ಕ್‌ರೂಮು ಬೇಕಾ?

ಬ್ಲ್ಯಾಕ್ ಅಂಡ್ ವೈಟ್ ಆದರೆ ಬಚ್ಚಲುಮನೆ ಸಾಕು. ಕತ್ತಲು ಬೇಕಿರುವುದು ಎರಡೇ ನಿಮಿಷ, ರೀಲನ್ನು ಡಬ್ಬಿಯಿಂದ ತೆಗೆದು ಬೆಳಕು ನುಗ್ಗದ ಸಣ್ಣ ಟ್ಯಾಂಕಿಗೆ ಸುತ್ತಿ ಮುಚ್ಚುವವರೆಗೆ. ಅದಕ್ಕೆ ಕೈ ತೂರಿಸುವ ಕಪ್ಪು ಚೀಲವೂ ಸಿಗುತ್ತದೆ. ಹಾಳು ರೀಲೊಂದನ್ನು ಇಟ್ಟುಕೊಂಡು ಟಿವಿ ನೋಡುತ್ತಾ ಸುತ್ತಿ ಅಭ್ಯಾಸ ಮಾಡಿ. ಆಮೇಲೆ ಕಣ್ಣು ಮುಚ್ಚಿ.

ಟ್ಯಾಂಕು ಮುಚ್ಚಿದ ಮೇಲೆ ದೀಪ ಹಾಕಬಹುದು. ಮೊದಲು ಡೆವಲಪರ್. ನಾನು ಬಳಸುವುದು ಡಿ-76, 1927ರಿಂದ ಇರುವ ಹಳೇ ಪಾಕ. ಮೆಟಾಲ್, ಹೈಡ್ರೋಕ್ವಿನೋನ್, ಸೋಡಿಯಂ ಸಲ್ಫೈಟ್, ಬೋರ್ಯಾಕ್ಸ್. ಮಾವ ಇವನ್ನು ತಕ್ಕಡಿಯಲ್ಲಿ ತೂಗಿ ತಾವೇ ಬೆರೆಸುತ್ತಿದ್ದರು. ಇಲ್ಫರ್ಡ್‌ನ ಎಚ್‌ಪಿ5 ರೀಲಿಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಪ್ರತಿ ನಿಮಿಷಕ್ಕೆ ನಾಲ್ಕು ಸಲ ಟ್ಯಾಂಕು ತಲೆಕೆಳಗು ಮಾಡಿ, ತಳವನ್ನು ಮೆಲ್ಲಗೆ ಕುಟ್ಟಿ, ಗುಳ್ಳೆ ಬಿಡಲಿ. ಅದನ್ನು ಚೆಲ್ಲಿ, ಡೆವಲಪರ್‌ನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಅರ್ಧ ನಿಮಿಷ. ಆಮೇಲೆ ಹೈಪೋ, ಐದರಿಂದ ಹತ್ತು ನಿಮಿಷ. ಹೈಪೋ ಉಳಿದ ಬೆಳ್ಳಿ ಲವಣವನ್ನು ಕರಗಿಸಿ ತೆಗೆಯುತ್ತದೆ. ಹರಿಯುವ ನೀರಲ್ಲಿ ತೊಳೆದು, ಬಟ್ಟೆ ಕ್ಲಿಪ್ಪು ಹಾಕಿ ಬಚ್ಚಲಲ್ಲೇ ತೂಗುಹಾಕಿ. ಒಣಗುವವರೆಗೆ ಮನೆಯವರು ಸ್ನಾನಕ್ಕೆ ಕಾಯಬೇಕು. ಜಗಳ ಆಗುವುದು ಇಲ್ಲೇ.

ಕಲರ್ ರೀಲಿನ ವಿಧಾನಕ್ಕೆ ಸಿ-41 ಅಂತ ಹೆಸರು. 38 ಡಿಗ್ರಿ ಹತ್ತಿರ, ಡೆವಲಪರ್‌ನಲ್ಲಿ 3 ನಿಮಿಷ 15 ಸೆಕೆಂಡ್. ಬಿಸಿ ಅರ್ಧ ಡಿಗ್ರಿ ಅಲುಗಿದರೂ ಬಣ್ಣ ಹಳಿ ತಪ್ಪುತ್ತದೆ. ಮೊದಮೊದಲು ಲ್ಯಾಬಿಗೆ ಕೊಡಿ.

ಸಿನಿಮಾದಲ್ಲಿ ಕೆಂಪು ದೀಪದಲ್ಲಿ ತೊಳೀತಾರಲ್ಲ?

ಅದು ಪ್ರಿಂಟು ಹಾಕುವಾಗ. ಬ್ಲ್ಯಾಕ್ ಅಂಡ್ ವೈಟ್ ಪೇಪರಿಗೆ ಕೆಂಪು ಬೆಳಕು ಕಾಣುವುದಿಲ್ಲ, ಹಾಗಾಗಿ ಕೆಂಪು ದೀಪ ನಡೆಯುತ್ತದೆ. ಈಗಿನ ಫಿಲಂಗೆ ಎಲ್ಲ ಬಣ್ಣವೂ ಕಾಣುತ್ತದೆ. ಕೆಂಪು ದೀಪದಲ್ಲಿ ರೀಲು ಬಿಚ್ಚಿದರೆ ಪೂರ್ತಿ ಕಪ್ಪು. ಎಷ್ಟೋ ಸಿನಿಮಾಗಳು ಈ ತಪ್ಪು ಮಾಡಿವೆ.

ಕಲಬುರಗಿಯಲ್ಲಿ ಮೇ ತಿಂಗಳು. 20 ಡಿಗ್ರಿ ನೀರು ಎಲ್ಲಿಂದ ತರಲಿ?

ಬೆಂಗಳೂರಿನ ಡಿಸೆಂಬರ್‌ನಲ್ಲಿ ನಲ್ಲಿ ನೀರು ಹೆಚ್ಚುಕಡಿಮೆ ತಾನಾಗೇ ಆ ಹದದಲ್ಲಿರುತ್ತದೆ. ನಿಮಗೆ ಆ ಭಾಗ್ಯ ಇಲ್ಲ. ದೊಡ್ಡ ಬೇಸಿನ್‌ನಲ್ಲಿ ಐಸು ಹಾಕಿದ ನೀರು, ಅದರೊಳಗೆ ಕೆಮಿಕಲ್ ಬಾಟಲಿಗಳು. 24 ಡಿಗ್ರಿಗೆ ಬಂದರೂ ಸಾಕು, ಏಳೂವರೆ ನಿಮಿಷವನ್ನು ಐದೂವರೆಗೆ ಇಳಿಸಿ. ಅದಕ್ಕಿಂತ ಬಿಸಿಯಾದರೆ ಜೆಲಟಿನ್ ಮೆತ್ತಗಾಗುತ್ತದೆ, ಉಗುರು ತಾಗಿದರೂ ಗೀರು. ಹೈಪೋ ಮತ್ತು ತೊಳೆಯುವ ನೀರೂ ಅದೇ ಹದದಲ್ಲಿರಲಿ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಕಲೆ ಬೀಳುತ್ತದೆ. ಕೊನೆಯ ಸಲ ಮಾತ್ರ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ.

ಬಳಸಿದ ಹೈಪೋ ಚರಂಡಿಗೆ ಬಿಡಬಹುದಾ?

ಬೇಡ. ಅದರಲ್ಲಿ ಕರಗಿದ ಬೆಳ್ಳಿ ಇದೆ, ನೀರಿನ ಜೀವಿಗಳಿಗೆ ವಿಷ. ಕ್ಯಾನಿನಲ್ಲಿ ಕೂಡಿಡಿ. ದೊಡ್ಡ ಲ್ಯಾಬ್‌ನವರು, ಎಕ್ಸ್‌ರೇಯವರು ಬೆಳ್ಳಿ ತೆಗೆಯುವವರಿಗೆ ಕೊಡುತ್ತಿದ್ದರು. ನಿಮಗೆ ಪರಿಚಯದ ಲ್ಯಾಬ್ ಇದ್ದರೆ ಕೇಳಿ ನೋಡಿ.

## ಮನೆಯಲ್ಲಿರುವ ಹಳೇ ನೆಗೆಟಿವ್

ಬೀರುವಿನಲ್ಲಿ ನೆಗೆಟಿವ್ ಕವರ್‌ಗಳಿವೆ. ಫೋಟೋ ಇದ್ದಾವಲ್ಲ, ಬಿಸಾಡಲಾ?

ಬಿಸಾಡಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ. ಹಳೇ ಕಾಲದ ಮೇಲೆ ಪ್ರೀತಿ ಉಕ್ಕಿ ಕ್ಯಾಮೆರಾ ಕೊಳ್ಳಲು ಓಡುವವರು, ಅದೇ ಮನೆಯ ನೆಗೆಟಿವ್‌ಗಳನ್ನು ಹಬ್ಬದ ಸ್ವಚ್ಛತೆಯಲ್ಲಿ ಗುಜರಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕ್ಯಾಮೆರಾ ಮುಂದಿನ ವರ್ಷವೂ ಸಿಗುತ್ತದೆ.

ಪ್ರಿಂಟು ಅನ್ನುವುದು ನೆಗೆಟಿವ್‌ನ ಒಂದು ನಕಲು, ಅಷ್ಟೇ. ಅಂಚು ಕತ್ತರಿಸಿರುತ್ತಾರೆ. ನಮ್ಮ ಅಮ್ಮನ ಮದುವೆಯ ಒಂದು ಫೋಟೋದಲ್ಲಿ ಧಾರೆ ಎರೆಯುವ ಕೈಗಳು ಮಾತ್ರ ಇವೆ. ನೆಗೆಟಿವ್ ಸ್ಕ್ಯಾನ್ ಮಾಡಿದಾಗ ಎಡ ಅಂಚಿನಲ್ಲಿ ಕಂಬಕ್ಕೆ ಒರಗಿ ನಿಂತ ತಾತ ಕಂಡರು. ಆ ವಯಸ್ಸಿನ ಅವರ ಬೇರೆ ಫೋಟೋನೇ ಇಲ್ಲ.

ಬರಿಗೈಯಲ್ಲಿ ಮುಟ್ಟಬೇಡಿ, ಅಂಚು ಹಿಡಿಯಿರಿ. ಬಟ್ಟೆಯಲ್ಲಿ ಒರೆಸಬೇಡಿ, ಧೂಳು ಇದ್ದರೆ ಗಾಳಿ ಊದುವ ರಬ್ಬರ್ ಬುರುಡೆ ಬಳಸಿ. ಹಳೇ ಪ್ಲಾಸ್ಟಿಕ್ ಕವರ್ ಅಂಟುತ್ತಿದ್ದರೆ ಬೆಳ್ಳನೆಯ ತೆಳು ಕಾಗದಕ್ಕೆ ಬದಲಾಯಿಸಿ. ಪ್ರತಿ ಕವರ್ ಮೇಲೆ ಪೆನ್ಸಿಲ್‌ನಲ್ಲಿ ಯಾರು, ಯಾವ ಊರು, ಯಾವ ವರ್ಷ ಬರೆಯಿರಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.

ಫೋನಿನಲ್ಲೇ ನೆಗೆಟಿವ್ ಸ್ಕ್ಯಾನ್ ಮಾಡಬಹುದಾ?

ಗುರುತು ಹಿಡಿಯುವ ಮಟ್ಟಿಗೆ ಆಗುತ್ತದೆ. ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಪರದೆ ಪೂರ್ತಿ ಬಿಳಿ ಮಾಡಿ. ನೆಗೆಟಿವ್ ನೇರ ಪರದೆ ಮೇಲೆ ಇಡಬೇಡಿ, ಚುಕ್ಕೆ ಚುಕ್ಕೆ ಕಾಣುತ್ತದೆ. ಎರಡು ಪುಸ್ತಕಗಳ ಮೇಲೆ ಗಾಜು ಇಟ್ಟು ಅದರ ಮೇಲಿಡಿ. ಕೋಣೆಯ ದೀಪ ಆರಿಸಿ ಫೋಟೋ ತೆಗೆದು, ಬಣ್ಣ ಉಲ್ಟಾ ತಿರುಗಿಸಿ (ಇನ್ವರ್ಟ್). ಕಲರ್ ನೆಗೆಟಿವ್‌ಗೆ ಕಿತ್ತಳೆ ಬಣ್ಣದ ಹಿನ್ನೆಲೆ ಇರುವುದರಿಂದ ಸುಮ್ನೆ ತಿರುಗಿಸಿದರೆ ನೀಲಿಯಾಗಿ ಬರುತ್ತದೆ, ಬಣ್ಣ ಸರಿಮಾಡಬೇಕು. ಮುಖ್ಯವಾದವನ್ನು ಆಮೇಲೆ ಒಳ್ಳೆಯ ಸ್ಕ್ಯಾನರ್‌ಗೆ ಕೊಡಿ.

ನನ್ನ ನಾಮಕರಣದ ಕಲರ್ ಫೋಟೋ ಕೆಂಪಾಗಿದೆ. ಮುತ್ತಜ್ಜನ ಬ್ಲ್ಯಾಕ್ ಅಂಡ್ ವೈಟ್ ಹಾಗೇ ಇದೆ. ಯಾಕೆ?

ಮುತ್ತಜ್ಜ ಇರುವುದು ಬೆಳ್ಳಿಯಲ್ಲಿ, ನೀವಿರುವುದು ಬಣ್ಣದಲ್ಲಿ. ಹಳೇ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣ ಬೇಗ ಸಾಯುತ್ತಿತ್ತು, ಆಲ್ಬಂನ ಕತ್ತಲಲ್ಲಿಟ್ಟರೂ. ಕೆಂಪು ಉಳಿಯುತ್ತಿತ್ತು. ಬೆಳ್ಳಿ ಹಾಗಲ್ಲ. ಹೈಪೋ ಸರಿಯಾಗಿ ತೊಳೆದಿದ್ದರೆ ನೂರು ವರ್ಷ ಲೆಕ್ಕಕ್ಕಿಲ್ಲ. ತೊಳೆಯದಿದ್ದರೆ ಹಳದಿ ಕಲೆ. ಕೆಂಪಾದ ಫೋಟೋದ ನೆಗೆಟಿವ್ ಇದ್ದರೆ ಹುಡುಕಿ, ಅದರಲ್ಲಿ ಬಣ್ಣ ಇನ್ನೂ ಚೆನ್ನಾಗಿರಬಹುದು.

ಫ್ರೇಮಿನ ಗಾಜಿಗೆ ಫೋಟೋ ಅಂಟಿಕೊಂಡಿದೆ. ಕಿತ್ತರೆ ಬರುತ್ತಾ?

ಮುಖ ಗಾಜಿನ ಮೇಲೇ ಉಳಿಯುತ್ತದೆ. ಕೀಳಬೇಡಿ. ಗಾಜಿನ ಸಮೇತ, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು ಒಳ್ಳೆಯ ಫೋಟೋ ತೆಗೆಸಿಕೊಳ್ಳಿ.

ನೆಗೆಟಿವ್ ಡಬ್ಬ ತೆಗೆದರೆ ಹುಳಿ ವಾಸನೆ ಬರ್ತಿದೆ.

ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲಂ ಪಟ್ಟಿ ಕೊಳೆಯಲು ಶುರುವಾಗಿದೆ. ವಿನೆಗರ್‌ನ ಅದೇ ಆಮ್ಲ ಹೊರಗೆ ಬರುತ್ತಿದೆ. ಮುಂದೆ ಸುರುಟಿಕೊಂಡು ಪದರ ಬಿಡುತ್ತದೆ. ವಾಸನೆ ಬರುವವನ್ನು ಬೇರೆಯವುಗಳಿಂದ ಇವತ್ತೇ ದೂರ ಇಡಿ, ಅಂಟುರೋಗದಂತೆ ಹರಡುತ್ತದೆ. ಮೊದಲು ಸ್ಕ್ಯಾನ್ ಮಾಡಬೇಕಾದದ್ದು ಅವನ್ನೇ.

ನಿಮ್ಮ ಮಾವನ ಸ್ಟುಡಿಯೋ ನೆಗೆಟಿವ್‌ಗಳು ಏನಾದವು?

ಹೆಚ್ಚಿನವು ಬೆಳ್ಳಿಯಾದವು. ಸ್ಟುಡಿಯೋ ಮುಚ್ಚುವಾಗ ಹಳೇ ಎಕ್ಸ್‌ರೇ ಫಿಲಂ ಕೊಳ್ಳುವವನೊಬ್ಬ ಬಂದು ಕೆಜಿ ಲೆಕ್ಕದಲ್ಲಿ ತೂಗಿಸಿಕೊಂಡು ಹೋದ. ನಾನು ವಿಷಯ ಗೊತ್ತಾಗಿ ಊರಿಗೆ ಹೋಗುವಷ್ಟರಲ್ಲಿ ಎರಡು ಡಬ್ಬ ಉಳಿದಿದ್ದವು. ಕವರ್ ಮೇಲೆ ಬರೀ ನಂಬರು. ಆ ನಂಬರಿನ ಎದುರು ಹೆಸರು ಬರೆದಿದ್ದ ರಿಜಿಸ್ಟರನ್ನು ಗೆದ್ದಲು ತಿಂದಿತ್ತು.

ಸ್ಕ್ಯಾನ್ ಮಾಡಿ, ಊರಿಗೆ ಹೋದಾಗಲೆಲ್ಲ ಹಳಬರಿಗೆ ತೋರಿಸುತ್ತೇನೆ. ಸಂತೆಯ ದಿನ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತರೆ ಐದಾರು ಜನ ಸುತ್ತ ಸೇರುತ್ತಾರೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಾರೆ. ಈ ಹೆಂಗಸು ಯಾರು, ಈ ಹುಡುಗ ಯಾರ ಮಗ, ಗೊತ್ತಿಲ್ಲ. ಮುನ್ನೂರಕ್ಕೂ ಹೆಚ್ಚು ಫೋಟೋಗಳಲ್ಲಿ ಇದುವರೆಗೆ ಹೆಸರು ಸಿಕ್ಕಿದ್ದು ಹದಿನೇಳಕ್ಕೆ. ಆದರೆ ಎಲ್ಲರ ಹಿಂದೆ ಇರುವ ತಾಜ್‌ಮಹಲಿನ ಪರದೆ, ಒಂದು ಕೈ ಮುರಿದ ಆ ಮರದ ಕುರ್ಚಿ ಮಾತ್ರ ಪ್ರತಿಯೊಬ್ಬರಿಗೂ ನೆನಪಿದೆ. ಕುರ್ಚಿ ಈಗ ಎಲ್ಲಿದೆ ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲೇ ಇದೆ, ಅದರ ಮೇಲೆ ಒಣಗಿದ ಬಟ್ಟೆ ರಾಶಿ ಹಾಕುತ್ತೇವೆ.